ಇಳಿಯದೆ ಹೋದ ದ್ವೀಪ

ಮುಂಬಯಿಯಿಂದ ಕಾರವಾರ, ಕುಮಟೆ, ಉಡುಪಿ, ಮಂಗಳೂರುಗಳ ಕಡೆಗೆ ರೈಲಿನಲ್ಲಿ ಹೋಗಿಬರುವ ನಮ್ಮವರೆಲ್ಲರೂ ದಿವಾಡಿ ದ್ವೀಪವನ್ನು ಕಂಡವರೇ. ಹೀಗೆಂದರೆ ಅನೇಕರು ಒಪ್ಪಲಿಕ್ಕಿಲ್ಲ. "ದಿವಾಡಿಯೆ? ಅದೆಲ್ಲಿದೆ?" ಎಂದು ಕೇಳಿಯಾರು. ಕೊಂಕಣ ರೈಲು ಥಿವಿಂ ನಿಲ್ದಾಣವನ್ನು ಬಿಟ್ಟು ಕರ್ಮಳಿಯನ್ನು ಮುಟ್ಟುವುದರೊಳಗೆ ಮಾಂಡವಿ ನದಿಯನ್ನು ದಾಟುತ್ತದಷ್ಟೆ. ಅಲ್ಲಿ ನದಿ ಕವಲೊಡೆದು ಹರಿಯುವುದರಿಂದ ಕಿಟಕಿಯಲ್ಲಿ ಮೊದಲು ನೀರು, ಆಮೇಲೆ ನೆಲ, ಮತ್ತೆ ನೀರು ಕಾಣುತ್ತದೆ. ನಡುವಿನ ಆ ನೆಲವೇ ದಿವಾಡಿ; ಪೋರ್ಚುಗೀಸರ ಬಾಯಲ್ಲಿ ದಿವಾರ್. ರೈಲು ಅದರ ಮೇಲೆಯೇ ಹಾದುಹೋಗುತ್ತದೆ, ಆದರೆ ನಿಲ್ಲುವುದಿಲ್ಲ. ನಿಲ್ಲಲು ಅಲ್ಲಿ ನಿಲ್ದಾಣವಿಲ್ಲ. ಚಹಾದವನನ್ನು ಕರೆದು ಚಿಲ್ಲರೆ ಎಣಿಸಿ ಕೊಡುವುದರೊಳಗೆ ದ್ವೀಪ ಹಿಂದಾಗಿರುತ್ತದೆ.

ನಮ್ಮ ಯಜಮಾನರು ಕುಮಟೆಯ ಕಡೆಯವರು. ೧೯೯೮ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ನಾವು ಬಸ್ಸಿನ ಪ್ರಯಾಣವನ್ನು ಬಿಟ್ಟೆವು. ವರ್ಷಕ್ಕೊಮ್ಮೆ, ಚೌತಿಗೆ, ರಾತ್ರಿಯ ಗಾಡಿ ಹಿಡಿದು ಊರಿಗೆ ಹೊರಡುವುದು. ಥಿವಿಂ ಬರುವ ಹೊತ್ತಿಗೆ ಬೆಳಕಾಗಿರುತ್ತಿತ್ತು. ಅವರು ಎದ್ದು ಮುಖ ತೊಳೆದು ಕಿಟಕಿಯ ಪಕ್ಕದಲ್ಲಿ ಬಂದು ಕೂತರೆ, ಎರಡನೆಯ ನೀರು ದಾಟುವ ತನಕ ಯಾರು ಮಾತಾಡಿಸಿದರೂ ಉತ್ತರವಿಲ್ಲ. ಕತ್ತು ಚಾಚಿ ಹೊರಗೆ ನೋಡುವರು. ಹಸಿರು ಗದ್ದೆ, ಬದುವಿನಾಚೆ ಕಾಂಡ್ಲಾ ಗಿಡಗಳು. ದಾಟಿದ ಮೇಲೆ ಕನ್ನಡಕ ಒರೆಸಿಕೊಂಡು, "ಬದು ನಿಂತಿದೆ" ಎನ್ನುವರು. ಅಷ್ಟೆ. ಮತ್ತೆ, "ಒಮ್ಮೆ ಇಲ್ಲಿ ಇಳಿಯಬೇಕು ನೋಡು" ಎನ್ನುವರು. ನಾನು, "ಇಳಿಯೋಣ, ನಿಮ್ಮ ರಜೆ ಹೆಚ್ಚಲಿ" ಎನ್ನುವೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ಚೌತಿಗೆ ಈ ಸಂಭಾಷಣೆ ನಡೆಯಿತು. ರಜೆ ಹೆಚ್ಚಲಿಲ್ಲ. ಆಮೇಲೆ ನಿವೃತ್ತಿಯಾಯಿತು, ರಜೆಯೆಲ್ಲ ನಮ್ಮದೇ ಆಯಿತು. ಆಗ ಮೊಣಕಾಲು ಬಿಡಲಿಲ್ಲ. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು.

ಹೋದ ಡಿಸೆಂಬರಿನಲ್ಲಿ ಪುಣೆಯಲ್ಲಿರುವ ಮೊಮ್ಮಗಳು ಫೋನು ಮಾಡಿ, "ಅಜ್ಜಿ, ದಿವಾಡಿಯಲ್ಲಿ ಇಳಿಯೋಣವಾ?" ಎಂದು ಕೇಳಿದಳು. ಅವಳ ಕನ್ನಡದಲ್ಲಿ ಅರ್ಧ ಮರಾಠಿ, ಕಾಲು ಇಂಗ್ಲಿಷು. ಆದರೆ 'ಇಳಿಯೋಣ' ಎಂಬ ಮಾತು ಮಾತ್ರ ಅಜ್ಜನ ಬಾಯಿಂದ ಬಂದಂತೆಯೇ ಬಂತು. ದ್ವೀಪದ ಸುತ್ತ ವಿದ್ಯುತ್ ಸೈಕಲ್ಲಿನ ಮೇಲೆ ಕರೆದೊಯ್ದು ತೋರಿಸುವ ಏರ್ಪಾಡು ಇದೆಯಂತೆ; ಜೊತೆಗೆ ಮಾರ್ಗದರ್ಶಕನಿರುತ್ತಾನಂತೆ; ಅವಳು ನನಗೂ ನನ್ನ ಮಗಳಿಗೂ ಸೇರಿಸಿ ಮೂರು ಸೈಕಲ್ಲು ಗೊತ್ತುಮಾಡಿಯೂ ಆಗಿತ್ತು. "ಸೈಕಲ್ಲೆ? ನನಗೆ ಅರವತ್ತೊಂಬತ್ತು ಕಣೇ" ಎಂದೆ. "ಧಾರವಾಡದಲ್ಲಿ ಹೊಡೆಯುತ್ತಿದ್ದೆ ಎಂದು ನೀನೇ ಹೇಳಿದ್ದೀಯಲ್ಲ!" ಎಂದಳು. ಮಕ್ಕಳಿಗೆ ನಮ್ಮ ಹಳೆಯ ಪ್ರತಾಪಗಳನ್ನು ಹೇಳುವಾಗ ಎಚ್ಚರದಿಂದಿರಬೇಕು.

ಧಾರವಾಡದಲ್ಲಿ ಸೈಕಲ್ಲು ಹೊಡೆದದ್ದು ನಿಜ. ಕಾಲೇಜಿಗೆ ಹೋಗಲು ಅಣ್ಣನ ಹಳೆಯ ಸೈಕಲ್ಲು ನನ್ನ ಪಾಲಿಗೆ ಬಂದಿತ್ತು. ಆ ಊರಿನ ಏರುಗಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ೧೯೭೮ರಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದೆ. ಅಲ್ಲಿಂದ ಮುಂದೆ ನಾನು ಏರಿದ್ದು ಲೋಕಲ್ ರೈಲಿನ ಮೆಟ್ಟಿಲುಗಳನ್ನು ಮಾತ್ರ.

ಅಂತೂ ಹೊರಟೆವು. ಕರ್ಮಳಿಯಲ್ಲಿ ಇಳಿದರೆ ಹಳೆಯ ಗೋವೆ ಹತ್ತಿರವೇ. ರಾತ್ರಿ ಅಲ್ಲಿ ತಂಗಿದ್ದು ಬೆಳಿಗ್ಗೆ ಏಳು ಗಂಟೆಗೆ ತಾರಿಯ ಕಡವಿಗೆ ಬಂದೆವು. ಕಡವಿಗೆ ಇಳಿಯುವ ದಾರಿಯಲ್ಲಿ ಕೆಂಪು ಮುರಕಲ್ಲಿನ ಒಂದು ಮಹಾದ್ವಾರವಿದೆ. ವೈಸರಾಯ್ ಕಮಾನು ಎನ್ನುತ್ತಾರೆ. ವಾಸ್ಕೋ ಡ ಗಾಮನ ಮೊಮ್ಮಗನ ಮಗ ವೈಸರಾಯನಾಗಿದ್ದಾಗ ೧೬ನೆಯ ಶತಮಾನದ ಕೊನೆಯಲ್ಲಿ ಅದನ್ನು ಕಟ್ಟಿಸಿ, ಮುತ್ತಜ್ಜನ ವಿಗ್ರಹವನ್ನು ಅದರ ಮೇಲಿರಿಸಿದ. ಹಡಗಿನಿಂದಿಳಿದ ಹೊಸ ಹೊಸ ವೈಸರಾಯರು ಈ ಬಾಗಿಲಿನಿಂದಲೇ ನಗರವನ್ನು ಪ್ರವೇಶಿಸುತ್ತಿದ್ದರು. ಈಗಿರುವುದು ೧೯೫೪ರಲ್ಲಿ ಮತ್ತೆ ಕಟ್ಟಿದ್ದು. ನಾವು ಬಂದ ಹೊತ್ತಿನಲ್ಲಿ ವೈಸರಾಯರ ಬಾಗಿಲಿನಿಂದ ಒಬ್ಬಾಕೆ ಮೀನಿನ ಬುಟ್ಟಿ ಹೊತ್ತು ಬಂದಳು. ಅವಳ ಹಿಂದೆ ಒಂದು ಹಸು.

ಮಾರ್ಗದರ್ಶಕನು ದ್ವೀಪದವನೇ ಆದ ತರುಣ, ಇಪ್ಪತ್ತೈದು ದಾಟಿರಲಾರದು. ನಮ್ಮ ಜೊತೆಗೆ ಚೆನ್ನೈಯ ಒಬ್ಬ ದಂಪತಿಗಳೂ ಇದ್ದರು. ಅವನು ನಮಗೆಲ್ಲ ಶಿರಸ್ತ್ರಾಣ ಕಟ್ಟಿ, ಸೈಕಲ್ಲಿನ ಮರ್ಮವನ್ನು ವಿವರಿಸಿದ. ಓದುಗರಿಗೂ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಇದು ಮೋಟಾರ್ ಸೈಕಲ್ಲಲ್ಲ, ಕೂತರೆ ತಾನಾಗಿ ಓಡುವುದಿಲ್ಲ. ಪೆಡಲನ್ನು ನಾವೇ ತುಳಿಯಬೇಕು. ತುಳಿದದ್ದನ್ನು ಅದರೊಳಗಿನ ಒಂದು ಸಾಧನ ಕಂಡುಕೊಂಡು ಹಿಂದಿನ ಚಕ್ರದ ಗುಂಬದಲ್ಲಿರುವ ಮೋಟಾರಿಗೆ ತಿಳಿಸುತ್ತದೆ. ಮೋಟಾರು ನಮ್ಮ ಬಲಕ್ಕೆ ತನ್ನ ಬಲ ಕೂಡಿಸುತ್ತದೆ. ಎಷ್ಟು ಕೂಡಿಸಬೇಕೆಂಬುದನ್ನು ಹಿಡಿಕೆಯ ಬಳಿಯ ಗುಂಡಿಯೊತ್ತಿ ನಾವೇ ಗೊತ್ತುಮಾಡಬಹುದು. ತುಳಿಯುವುದನ್ನು ನಿಲ್ಲಿಸಿದರೆ ಅದೂ ನಿಲ್ಲಿಸುತ್ತದೆ. ಮೋಟಾರಿನ ಬಲ ೨೫೦ ವಾಟ್ ಮೀರದೆ, ವೇಗ ಗಂಟೆಗೆ ೨೫ ಕಿಲೊಮೀಟರಿನ ಒಳಗಿದ್ದರೆ ನಮ್ಮ ದೇಶದಲ್ಲಿ ಇಂಥ ಸೈಕಲ್ಲಿಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ.

ಹೇಳಿದ್ದೆಲ್ಲ ತಲೆಗೆ ಹತ್ತಿತು, ಕಾಲಿಗೆ ಹತ್ತಲಿಲ್ಲ. ಮೊದಲ ಸಲ ಪೆಡಲನ್ನು ಧಾರವಾಡದ ರೀತಿಯಲ್ಲಿ ಒತ್ತಿ ತುಳಿದೆ. ಹಿಂದಿನಿಂದ ಯಾರೋ ನೂಕಿದ ಹಾಗೆ ಸೈಕಲ್ಲು ನೆಗೆಯಿತು. ನಾನು "ಅಯ್ಯೋ" ಎನ್ನುವುದರೊಳಗೆ ಎದುರಿನ ಬೇಲಿಗೆ ಮುಖಕೊಟ್ಟು ನಿಂತಿದ್ದೆ. ಗಾಯವೇನೂ ಆಗಲಿಲ್ಲ. ಹಸು ಮಾತ್ರ ಹೆದರಿ ಓಡಿತು. ಮಗಳು, "ಅಮ್ಮ, ನೀನು ರಿಕ್ಷಾದಲ್ಲಿ ಬಾ" ಎಂದಳು. ಆ ಮಾತು ಕೇಳಿದ ಮೇಲೆ ನಾನು ಇಳಿಯುವುದುಂಟೆ? ಬಲವನ್ನು ಒಂದಕ್ಕೆ ತಗ್ಗಿಸಿ ಮೆಲ್ಲಗೆ ತುಳಿದೆ. ಎರಡು ಸುತ್ತು ಬರುವಷ್ಟರಲ್ಲಿ ಕೈ ನೆಟ್ಟಗಾಯಿತು. ನಲವತ್ತೇಳು ವರ್ಷ ಮರೆತಿದ್ದ ವಿದ್ಯೆ ಮೈಯೊಳಗೆ ಎಲ್ಲಿ ಕೂತಿತ್ತೋ ಕಾಣೆ.

ಸೈಕಲ್ಲುಗಳನ್ನು ತಳ್ಳಿಕೊಂಡೇ ತಾರಿಯನ್ನು ಹತ್ತಿದೆವು. ಚಪ್ಪಟೆಯಾದ ಕಬ್ಬಿಣದ ದೋಣಿ. ಅದರಲ್ಲಿ ಕಾರು, ಸ್ಕೂಟರು, ಶಾಲೆಯ ಮಕ್ಕಳು, ತರಕಾರಿ ಚೀಲ, ನಾವು. ಈ ದ್ವೀಪಕ್ಕೆ ರಸ್ತೆಯ ಸೇತುವೆಯಿಲ್ಲ. ರೈಲು ಮಾತ್ರ ತಲೆಯ ಮೇಲೆ ಓಡುತ್ತದೆ. ಊರವರು ಹಾಲಿಗೂ ಹಬ್ಬಕ್ಕೂ ಆಸ್ಪತ್ರೆಗೂ ತಾರಿಯನ್ನೇ ಕಾಯಬೇಕು. ದಾಟಲು ಐದು ನಿಮಿಷ ಹಿಡಿಯಿತು. ತಿರುಗಿ ನೋಡಿದರೆ ಹಳೆಯ ಗೋವೆಯ ಇಗರ್ಜಿಗಳ ಗೋಪುರಗಳು ತೆಂಗಿನ ತಲೆಗಳ ಮೇಲೆ ಬೆಳ್ಳಗೆ ಎದ್ದಿದ್ದವು. ಒಂದು ಕಾಲದಲ್ಲಿ ಬಿಜಾಪುರದ ಆದಿಲಶಾಹಿಗಳ ಊರು. ೧೫೧೦ರಲ್ಲಿ ಆಲ್ಬುಕರ್ಕನ ಕೈಸೇರಿತು. ಈಚೆಯ ದಡದಲ್ಲಿ ಒಬ್ಬ ಮುದುಕ ಗಾಳ ಹಾಕಿ ಕೂತಿದ್ದ.

ಕಡವಿನಿಂದ ಊರಿಗೆ ಹೋಗುವ ರಸ್ತೆ ತಗ್ಗು ಗದ್ದೆಗಳ ನಡುವೆ ಏರಿಸಿ ಕಟ್ಟಿದ್ದು. ಎರಡೂ ಕಡೆ ಕಾಂಡ್ಲಾ ಗಿಡಗಳು, ಕೆಸರಿನಲ್ಲಿ ಬೇರೂರಿಕೊಂಡು ನಿಂತಿವೆ. ಬೆಳಗಿನ ಇಳಿತದ ನೀರು. ಕೆಸರಿನ ಮೇಲೆ ಏಡಿಗಳು ಓಡಾಡುತ್ತಿದ್ದವು. ಕೊಕ್ಕರೆಗಳು ಕುಯಿಲಾದ ಗದ್ದೆಯಲ್ಲಿ ಬಿಳಿಯ ಬಟ್ಟೆ ಹರವಿದಂತೆ ಕೂತಿದ್ದವು. ಚೌತಿಯ ದಿನಗಳಲ್ಲಿ ರೈಲಿನಿಂದ ಕಂಡ ಹಸಿರು ಈಗ ಇರಲಿಲ್ಲ. ಕೂಳೆಯ ಬಣ್ಣ ಎಲ್ಲ ಕಡೆ. ಸದ್ದಿಲ್ಲದೆ ಸಾಲಾಗಿ ಹೋಗುತ್ತಿದ್ದೆವು. ಈ ಸೈಕಲ್ಲಿನ ದೊಡ್ಡ ಗುಣ ಇದೇ. ಕಾರಾದರೆ ಹಕ್ಕಿ ಹಾರುತ್ತದೆ. ನಡೆದರೆ ನನ್ನ ಮೊಣಕಾಲು ಹಾರುತ್ತದೆ.

ಒಂದು ಬದುವಿನ ಬಳಿ ತರುಣನು ನಿಲ್ಲಿಸಿದ. "ಇದು ಖಾಜನ್ ಜಮೀನು" ಎಂದು ತೋರಿಸಿದ. ಸಮುದ್ರದ ಉಬ್ಬರ ನದಿಯೊಳಗೆ ಬಹು ದೂರ ಬರುತ್ತದೆ. ಆ ಉಪ್ಪುನೀರನ್ನು ತಡೆಯಲು ಹಿಂದಿನವರು ಮುರಕಲ್ಲು, ಕೆಸರು, ಹುಲ್ಲು ಹಾಕಿ ಬದು ಕಟ್ಟಿ, ಒಳಗಿನ ನೆಲವನ್ನು ಗದ್ದೆ ಮಾಡಿದರು. ಬದುವಿನ ನಡುವೆ ಒಂದು ತೂಬು. ಅದಕ್ಕೆ 'ಮಾನಸ್' ಎಂದು ಹೆಸರು. ಅದರ ಮರದ ಬಾಗಿಲುಗಳನ್ನು ಯಾರೂ ತೆರೆಯಬೇಕಾಗಿಲ್ಲ, ಮುಚ್ಚಬೇಕಾಗಿಲ್ಲ. ಉಬ್ಬರ ಬಂದಾಗ ಹೊರಗಿನ ನೀರು ಬಾಗಿಲನ್ನು ಒತ್ತಿ ತಾನೇ ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ನೀರು ಅದನ್ನು ತಳ್ಳಿ ತೆರೆದುಕೊಂಡು ಹೊರಕ್ಕೆ ಹೋಗುತ್ತದೆ. ಹೋಗುವ ನೀರಿಗೆ ಬಲೆ ಕಟ್ಟಿದರೆ ಮೀನು, ಸಿಗಡಿ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಉಪ್ಪು ತಾಳುವ ಭತ್ತ. ಮೊದಲು ಇದನ್ನೆಲ್ಲ ನೋಡಿಕೊಳ್ಳುತ್ತಿದ್ದುದು ಊರಿನ ಗಾಂವಕಾರರ ಸಮುದಾಯ. ಪೋರ್ಚುಗೀಸರು ಬಂದಾಗಲೇ ಆ ಪದ್ಧತಿ ಹಳೆಯದಾಗಿತ್ತು. ೧೫೨೬ರಲ್ಲಿ ಅವರು ಅದರ ಕಟ್ಟಳೆಗಳನ್ನು ಬರೆದಿಟ್ಟುಕೊಂಡರು, ಅಷ್ಟೆ.

"ಬದು ಒಡೆದರೆ?" ಎಂದು ಚೆನ್ನೈಯವರು ಕೇಳಿದರು.

"ಒಂದು ಕಡೆ ಒಡೆದರೂ ಸಾಕು, ಎಲ್ಲರ ಗದ್ದೆಯೂ ಹೋಯಿತು" ಎಂದ ತರುಣ. "ಉಪ್ಪು ನುಗ್ಗಿದ ಮೇಲೆ ವರ್ಷಗಟ್ಟಲೆ ಭತ್ತ ಬರುವುದಿಲ್ಲ. ಗದ್ದೆ ಬಾರದಿದ್ದರೆ ಮಕ್ಕಳು ಊರು ಬಿಡುತ್ತಾರೆ. ಮಕ್ಕಳು ಊರು ಬಿಟ್ಟರೆ ಬದು ಕಟ್ಟುವವರು ಯಾರು? ಆದ್ದರಿಂದ ಬದು ನೋಡಿದರೆ ಸಾಕು, ಊರು ಹೇಗಿದೆ ಎಂದು ಹೇಳಬಹುದು."

ನಾನು ಸೈಕಲ್ಲು ಹಿಡಿದುಕೊಂಡು ಸುಮ್ಮನೆ ನಿಂತೆ. ಇದೇ ಬದು, ಇದೇ ತೂಬು, ಇದೇ ಕಾಂಡ್ಲಾ ಗಿಡ ನನಗೆ ಗೊತ್ತು. ಕುಮಟೆಯ ಕಡೆ, ಅಘನಾಶಿನಿ ಸಮುದ್ರ ಸೇರುವಲ್ಲಿ, ಇಂಥ ನೆಲಕ್ಕೆ ಗಜನಿ ಎನ್ನುತ್ತಾರೆ. ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಿತ್ತು. ಉಪ್ಪಿಗೂ ನೆರೆಗೂ ಅಳುಕದೆ ಆಳೆತ್ತರ ನಿಲ್ಲುವ ಭತ್ತ. ನಮ್ಮ ಮಾವನವರಿಗೂ ಗಜನಿ ಇತ್ತು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅದು ಬರೀ ನೀರು. ಒಂದು ಮಳೆಗಾಲದಲ್ಲಿ ಬದು ಒಡೆಯಿತಂತೆ, ಕಟ್ಟುವ ವಿಚಾರದಲ್ಲಿ ಪಾಲುದಾರರಲ್ಲಿ ಮಾತು ಬಂತಂತೆ, ಕಟ್ಟಲಿಲ್ಲವಂತೆ. ಇಷ್ಟನ್ನು ಅತ್ತೆಯ ಬಾಯಿಂದ ಕೇಳಿದ್ದೆ. ಮುಂದಿನ ವರ್ಷ ನಮ್ಮ ಯಜಮಾನರು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದರು. ಅವರು ಯಾವತ್ತೂ, 'ಬದು ಒಡೆದದ್ದಕ್ಕೆ ಊರು ಬಿಟ್ಟೆ' ಎಂದವರಲ್ಲ. ಕೇಳಿದರೆ, "ನೌಕರಿ ಸಿಕ್ಕಿತು, ಬಂದೆ" ಎನ್ನುವರು.

ಇಪ್ಪತ್ತು ವರ್ಷ ಅವರು ಕಿಟಕಿಯಲ್ಲಿ ಪ್ರಕೃತಿಸೌಂದರ್ಯವನ್ನು ನೋಡುತ್ತಿದ್ದಾರೆಂದೇ ನಾನು ತಿಳಿದಿದ್ದೆ. ಅವರು ನೋಡುತ್ತಿದ್ದುದು ಬೇರೆಯವರ ಬದುವನ್ನು; ಇವರಾದರೂ ಉಳಿಸಿಕೊಂಡಿದ್ದಾರೆಯೇ ಎಂದು. "ಬದು ನಿಂತಿದೆ." ಪಕ್ಕದಲ್ಲೇ ಕೂತು ನಾನು ಚಹಾಕ್ಕೆ ಚಿಲ್ಲರೆ ಎಣಿಸುತ್ತಿದ್ದೆ.

ಮೊಮ್ಮಗಳು, "ಅಜ್ಜಿ, ಸುಸ್ತಾಯಿತಾ?" ಎಂದಳು. ಇಲ್ಲವೆಂದೆ. ಬದುವಿನ ಮೇಲೆ ಕಾಲುದಾರಿಯಿತ್ತು. ಮೋಟಾರಿನ ಬಲವನ್ನು ಪೂರ್ತಿ ಆರಿಸಿ, ಅಷ್ಟು ದೂರ ನನ್ನ ಕಾಲಿನಿಂದಲೇ ತುಳಿದೆ. ಭಾರವಾಗಿತ್ತು. ಆದರೂ ಹಾಗೆಯೇ ಹೋಗಬೇಕೆನಿಸಿತು.

ಊರೊಳಗೆ ಬಂದ ಮೇಲೆ ಪಿಯೆದಾದೆ ಗುಡ್ಡದ ಏರು. ಇಲ್ಲಿ ಮಾತ್ರ ನಾನು ಹಟ ಹಿಡಿಯಲಿಲ್ಲ. ಬಲವನ್ನು ಮೇಲಿನ ತುದಿಗೆ ಏರಿಸಿದೆ. ಕಾಲು ಆಡಿಸುತ್ತ ಕೂತೆ. ಗುಡ್ಡವೇ ಕೆಳಗಿಳಿದು ಬಂದಂತಾಯಿತು! ದಾರಿಯಲ್ಲಿ ತರಕಾರಿ ಕೊಯ್ಯುತ್ತಿದ್ದ ಅಜ್ಜಿಯೊಬ್ಬಳು ನನ್ನನ್ನು ನೋಡಿ ಕೊಂಕಣಿಯಲ್ಲಿ ಏನೋ ಕೂಗಿ ನಕ್ಕಳು. "ಏನಂತೆ?" ಎಂದು ತರುಣನನ್ನು ಕೇಳಿದೆ. "ನಮ್ಮ ಮುದುಕನಿಗೂ ಒಂದು ಮೋಟಾರು ಸಿಕ್ಕೀತೆ ಎಂದು ಕೇಳುತ್ತಾಳೆ" ಎಂದ.

ಗುಡ್ಡದ ನೆತ್ತಿಯ ಮೇಲೆ ಕರುಣೆಯ ಮಾತೆಯ ಬಿಳಿಯ ಇಗರ್ಜಿಯಿದೆ. ಅಲ್ಲಿಂದ ಕಾಣುವುದನ್ನು ಹೇಳಿ ತೀರದು. ಕೆಳಗೆ ಬದುಗಳು ಗೆರೆ ಎಳೆದಂತೆ. ಅವುಗಳಾಚೆ ಮಾಂಡವಿಯ ಕವಲುಗಳು. ಪಕ್ಕದಲ್ಲಿ ಚೊಡಣ ದ್ವೀಪ. ಅದರ ಪಶ್ಚಿಮದ ತುದಿಯ ಕಾಂಡ್ಲಾ ಕಾಡಿನಲ್ಲಿ ಸಲೀಂ ಅಲಿಯವರ ಹೆಸರಿನ ಪಕ್ಷಿಧಾಮವಿದೆ. ಇಗರ್ಜಿಯ ಪಕ್ಕದ ಸ್ಮಶಾನದಲ್ಲಿ ಒಂದು ಸಣ್ಣ ಪ್ರಾರ್ಥನಾಮಂದಿರವುಂಟು. ಅದರ ಮಾಡನ್ನು ತಲೆಯೆತ್ತಿ ನೋಡಬೇಕು: ಕೆತ್ತನೆಯ ಕಲ್ಲು, ಕದಂಬರ ಕಾಲದ ಗುಡಿಯದು. ಗುಡಿ ಹೋಯಿತು, ಅದರ ಚಾವಣಿ ಉಳಿಯಿತು. ಈ ಗುಡ್ಡದ ಮೇಲಿದ್ದ ಗಣಪತಿ ನದಿಯಾಚೆಯ ಖಾಂಡೋಳೆಗೆ ಹೋದನೆಂದು ಹೇಳುತ್ತಾರೆ.

ಇಗರ್ಜಿಯ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ವೃದ್ಧರು ನಮ್ಮನ್ನು ಮಾತಾಡಿಸಿದರು. ಕುಮಟೆಯ ಮನೆಯಲ್ಲಿ ಕಲಿತ ನನ್ನ ಅರೆಬರೆ ಕೊಂಕಣಿ ಉಪಯೋಗಕ್ಕೆ ಬಂತು. ಮಗ ಲಂಡನ್ನಿನಲ್ಲಿ, ಮಗಳು ಕುವೈಟಿನಲ್ಲಿ. ಆಗಸ್ಟಿನ ಬೊಂದೆರಾಂ ಹಬ್ಬಕ್ಕೆ ಬರುತ್ತಾರೆ, ಬಂದರೆ ಬರುತ್ತಾರೆ. ಊರಿನ ಗಡಿಯ ಜಗಳ ಬಿಡಿಸಲು ಪೋರ್ಚುಗೀಸರು ನೆಟ್ಟ ಬಾವುಟಗಳನ್ನು ಜನ ಹೊಡೆದು ಬೀಳಿಸಿದ್ದರ ನೆನಪಿಗೆ ಆ ಹಬ್ಬ. ಬಿದಿರ ಕೊಳವೆಯಲ್ಲಿ ಕಾಯಿ ತುಂಬಿ ಹೊಡೆಯುತ್ತಾರಂತೆ. "ನಮ್ಮ ಊರಿನವರು ಮೊದಲಿನಿಂದಲೂ ಹೊರಗೆ ಹೋಗುವವರೇ" ಎಂದು ಅವರು ನಕ್ಕರು. ನಿಜವೇ. ೧೬೭೬ರಲ್ಲಿ ಇದೇ ದ್ವೀಪದಲ್ಲಿ ಹುಟ್ಟಿದ ಜಾಕೋಮೆ ಗೊನ್ಸಾಲ್ವಿಸ್ ಎಂಬ ಪಾದ್ರಿ ಸಿಂಹಳಕ್ಕೆ ಹೋಗಿ, ಆ ನಾಡಿನ ಭಾಷೆಯನ್ನು ಕಲಿತು, ಅದರಲ್ಲಿ ಗ್ರಂಥಗಳನ್ನು ರಚಿಸಿದ. ಸಿಂಹಳೀ ಭಾಷೆಯ ಕ್ರೈಸ್ತ ಸಾಹಿತ್ಯಕ್ಕೆ ಅವನೇ ಮೂಲಪುರುಷ. ೧೭೪೨ರಲ್ಲಿ ಅಲ್ಲಿಯೇ ತೀರಿಕೊಂಡ. ವೃದ್ಧರು ನಮಗೆ ಕುಡಿಯಲು ನೀರನ್ನೂ ಒಂದೊಂದು ಪೇರಲ ಹಣ್ಣನ್ನೂ ಕೊಟ್ಟರು. ಗುಡಿಗಳು ಹೋದದ್ದರ ಕಥೆಯನ್ನು ಕೇಳಿಕೊಂಡು ಬಂದ ನನಗೆ, ಹಿಂದೆ ನಡೆದುದರ ಲೆಕ್ಕವನ್ನು ಇಂದಿನವರ ಬಾಗಿಲಲ್ಲಿ ಕೇಳುವುದು ನ್ಯಾಯವಲ್ಲವೆಂದು ಆ ಪೇರಲ ತಿನ್ನುವಾಗ ಅನಿಸಿತು.

ಗುಡ್ಡವಿಳಿದು ಮಾಲಾರದ ಮೇಲಿಂದ ನಾರ್ವೆಗೆ ಬಂದೆವು. ಇದು ದ್ವೀಪದ ಇನ್ನೊಂದು ಅಂಚು. ಮರಗಳ ನಡುವೆ ಮುರಕಲ್ಲಿನ ಹಳೆಯ ಕೆರೆ, ಕೋಟಿತೀರ್ಥವೆಂದು ಹೆಸರು. ಗೋವೆಯ ಕದಂಬರ ಕುಲದೈವವಾದ ಸಪ್ತಕೋಟೀಶ್ವರನ ಗುಡಿ ಇದ್ದುದು ಇಲ್ಲಿ. ಆ ಅರಸರು 'ಸಪ್ತಕೋಟೀಶ್ವರಲಬ್ಧವರಪ್ರಸಾದ'ರೆಂದು ಬಿರುದು ಹೊತ್ತು, ಸಿಂಹಮುದ್ರೆಯ ಚಿನ್ನದ ನಾಣ್ಯಗಳ ಮೇಲೂ ಈ ದೇವರ ಹೆಸರನ್ನೇ ಹಾಕಿಸಿದರು. ಚಂದ್ರಪುರ, ಗೋಪಕಪಟ್ಟಣ, ನಮ್ಮ ಬೆಳಗಾವಿ ಜಿಲ್ಲೆಯ ಹಲಸಿ—ಇವು ಅವರ ರಾಜಧಾನಿಗಳು.

ಇಲ್ಲಿ ನಾನು ನನ್ನ ತವರಿನ ಮಾತು ಹೇಳಲೇಬೇಕು. ನಾನು ಹುಟ್ಟಿದ್ದು ಕಿತ್ತೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ದೇಗಾಂವಿಯ ಕಮಲನಾರಾಯಣ ಗುಡಿಗೆ ಚಿಕ್ಕಂದಿನಲ್ಲಿ ಎಷ್ಟು ಸಲ ಹೋಗಿದ್ದೇನೋ! ಅದರ ಕಲ್ಲುಕಂಬಗಳ ನಡುವೆ ಕಣ್ಣುಮುಚ್ಚಾಲೆ ಆಡಿದ್ದೇವೆ. ಆ ಗುಡಿಯನ್ನು ಕಟ್ಟಿಸಿದವಳು ಕಮಲಾದೇವಿ. ಹನ್ನೆರಡನೆಯ ಶತಮಾನದಲ್ಲಿದ್ದ ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ. ಹಾಗಾದರೆ ನಮ್ಮೂರ ಕಡೆಯ ಗುಡಿ ಕಟ್ಟಿಸಿದಾಕೆಯ ಮನೆದೇವರು ಈ ಕೆರೆಯ ದಂಡೆಯಲ್ಲಿದ್ದವನೇ. ಅವಳೂ ಇಲ್ಲಿಗೆ ಬಂದಿರಬಹುದು. ಮೊಮ್ಮಗಳಿಗೆ ಇದನ್ನು ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಅಂದರೆ ಅಜ್ಜನ ಬದುವೂ ನಿನ್ನ ಗುಡಿಯೂ ಒಂದೇ ದ್ವೀಪದಲ್ಲಿ" ಎಂದಳು.

ತರುಣನು ದೇವರ ಕಥೆಯನ್ನು ಮುಂದುವರಿಸಿದ. ಹದಿನಾಲ್ಕನೆಯ ಶತಮಾನದಲ್ಲಿ ಬಹಮನಿಯವರ ದಾಳಿಯಲ್ಲಿ ಗುಡಿ ಬಿದ್ದಿತು. ಆಗ ಜನರು ಲಿಂಗವನ್ನು ಎಲ್ಲಿ ಬಚ್ಚಿಟ್ಟರು ಗೊತ್ತೆ? ಗದ್ದೆಯ ಬದುವಿನೊಳಗೆ ಎಂದು ಪ್ರತೀತಿ. ಬದುವನ್ನು ಯಾರೂ ಅಗೆಯುವುದಿಲ್ಲವಷ್ಟೆ? ಅಗೆದರೆ ಎಲ್ಲರೂ ಮುಳುಗಬೇಕಾಗುತ್ತದೆ. ಆ ಶತಮಾನದ ಕೊನೆಯಲ್ಲಿ ವಿಜಯನಗರದ ಮಾಧವ ಮಂತ್ರಿ ಗೋವೆಯನ್ನು ಗೆದ್ದು ಅದನ್ನು ಮತ್ತೆ ಪ್ರತಿಷ್ಠಾಪಿಸಿದ. ಹದಿನಾರನೆಯ ಶತಮಾನದ ಮಧ್ಯದಲ್ಲಿ ಪೋರ್ಚುಗೀಸರ ಕೈಯಲ್ಲಿ ಗುಡಿ ಮತ್ತೆ ಬಿದ್ದಿತು. ಲಿಂಗವನ್ನು ಒಂದು ಬಾವಿಯ ಕಟ್ಟಡಕ್ಕೆ ಬಳಸಿದ್ದರಂತೆ. ಭಕ್ತರು ರಾತ್ರೋರಾತ್ರಿ ಅದನ್ನು ತೆಗೆದು ದೋಣಿಯಲ್ಲಿ ನದಿ ದಾಟಿಸಿದರಂತೆ. ಆಚೆ ದಡದ ನೆಲ ಆಗ ಪೋರ್ಚುಗೀಸರದಲ್ಲ. ಅಲ್ಲಿ ದೇವರನ್ನಿಟ್ಟರು. ಆ ದಡದ ಊರಿಗೂ ನಾರ್ವೆ ಎಂದೇ ಹೆಸರು. ದೇವರ ಸಂಗಡ ಊರಿನ ಹೆಸರೂ ದೋಣಿಯಲ್ಲಿ ಹೋಯಿತು ಎನ್ನುತ್ತಾರೆ.

ಕೋಟಿತೀರ್ಥದಿಂದ ನದಿಯ ಕಡವಿಗೆ ಬಂದರೆ ಎದುರಿಗೇ ಆ ಇನ್ನೊಂದು ನಾರ್ವೆ. ನಡುವೆ ಒಂದು ತಾರಿ. ನಮ್ಮ ಸವಾರಿ ಇಲ್ಲಿಗೆ ಮುಗಿಯಬೇಕು, ಇಲ್ಲಿಂದ ಹಿಂದಿರುಗಬೇಕು ಎಂದು ತರುಣ ಹೇಳಿದ. ಚೆನ್ನೈಯವರಿಗೂ ವಿಮಾನದ ಹೊತ್ತಾಗಿತ್ತು. ನಾನು ಏನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ 'ಇನ್ನೊಮ್ಮೆ ಇಳಿಯೋಣ' ಎಂದುಕೊಂಡೇ ಇಪ್ಪತ್ತು ವರ್ಷ ಕಳೆದಿತ್ತು. ಈಗಲೂ ಬಾಯಿ ಹಾಗೆಯೇ ಸುಮ್ಮನಾಯಿತು. ಮೊಮ್ಮಗಳು ಮಾತ್ರ ಬಿಡಲಿಲ್ಲ. ತರುಣನೊಡನೆ ಹಿಂದಿಯಲ್ಲಿ ಚರ್ಚೆಗಿಳಿದಳು. ಅವನು ಯಾರಿಗೋ ಫೋನು ಮಾಡಿದ. ಚೆನ್ನೈಯವರನ್ನು ಕರೆದುಕೊಂಡು ಹೋಗಲು ಅವನ ತಮ್ಮನು ಬಂದ. ಕೊನೆಗೆ ನನ್ನ ಸೈಕಲ್ಲಿನ ಬ್ಯಾಟರಿಯನ್ನು ನೋಡಿ ತಲೆ ಕೆರೆದುಕೊಂಡ. ಗುಡ್ಡ ಹತ್ತುವಾಗ ನಾನು ಬಲವನ್ನು ಧಾರಾಳವಾಗಿ ಖರ್ಚು ಮಾಡಿದ್ದೆ. ಇನ್ನು ಉಳಿದದ್ದು ಒಂದೇ ಗೆರೆ.

"ಹೋಗುವಾಗ ಆರಿಸಿಕೊಂಡು ಹೋಗುತ್ತೇನೆ, ಬರುವಾಗ ಹಾಕಿಕೊಳ್ಳುತ್ತೇನೆ" ಎಂದೆ.

ತಾರಿ ದಾಟಿದೆವು. ಆಚೆ ದಡದಿಂದ ಗುಡಿ ಬಹು ದೂರವಲ್ಲ, ಆದರೆ ಬತ್ತಿದ ಬ್ಯಾಟರಿಯ ಸೈಕಲ್ಲು ಮಾಮೂಲು ಸೈಕಲ್ಲಿಗಿಂತ ಭಾರ. ಮಗಳು ಒಂದು ಕಡೆ, ಮೊಮ್ಮಗಳು ಒಂದು ಕಡೆ, ನಿಧಾನವಾಗಿ ಹೋದೆವು. ಒಂದು ಏರಿನಲ್ಲಿ ಇಳಿದು ತಳ್ಳಿದೆ. ಬೆವರು ಒರೆಸಿಕೊಳ್ಳುತ್ತ ಕೊನೆಯ ತಿರುವು ದಾಟಿದರೆ, ತಗ್ಗಿನಲ್ಲಿ ಹಸಿರಿನ ನಡುವೆ ದೇವಾಲಯ ಕಂಡಿತು.

ದೊಡ್ಡ ಗುಡಿಯಲ್ಲ. ಮೇಲೆ ಗುಮ್ಮಟ, ಮುಂದೆ ದೀಪಸ್ತಂಭ. ಬಾಗಿಲ ಮೇಲೆ ಒಂದು ಕಲ್ಲುಬರಹ: ಶಿವಾಜಿ ಮಹಾರಾಜರು ಶಕ ೧೫೯೦, ಅಂದರೆ ೧೬೬೮ರಲ್ಲಿ ಇದನ್ನು ಮತ್ತೆ ಕಟ್ಟಿಸಲು ತೊಡಗಿದ್ದಕ್ಕೆ ಅದೇ ಸಾಕ್ಷಿ. ಗೋವೆಯ ಸರಕಾರ ಈಚೆಗೆ ಇದರ ಜೀರ್ಣೋದ್ಧಾರ ಮಾಡಿಸಿ ೨೦೨೩ರಲ್ಲಿ ಮತ್ತೆ ತೆರೆಯಿತು. ಒಳಗೆ ಮುಖಮುಖವಾಗಿ ಕಡೆದ ನುಣುಪಾದ ಲಿಂಗ, ಧಾರಾಲಿಂಗ. ಕದಂಬ ದೊರೆಗಳು, ವಿಜಯನಗರದ ಮಂತ್ರಿ, ಮರಾಠರ ಅರಸರು—ಇಷ್ಟು ಮಂದಿಯ ಕೈ ಈ ಒಂದು ಕಲ್ಲಿಗೆ ತಾಗಿದೆ. ಆದ್ದರಿಂದ ಇದು ನಮ್ಮದು, ನಿಮ್ಮದಲ್ಲ ಎಂದು ಯಾರೂ ಹೇಳುವಂತಿಲ್ಲ. ಬದುವಿನಲ್ಲಿ ಹೂತಿಟ್ಟವರ, ದೋಣಿಯಲ್ಲಿ ಹೊತ್ತವರ ಹೆಸರುಗಳು ಬಾಗಿಲ ಮೇಲಿಲ್ಲ. ಇದ್ದಿದ್ದರೆ ಕಲ್ಲು ಸಾಲುತ್ತಿರಲಿಲ್ಲವೇನೋ.

ಹೊರಗೆ ಕಟ್ಟೆಯ ಮೇಲೆ ಕೂತು ನೀರು ಕುಡಿದೆವು. ಆಗ ನನಗೆ ನಮ್ಮ ಡೊಂಬಿವಲಿಯ ಮನೆ ನೆನಪಾಯಿತು. ಬಾಗಿಲ ಪಕ್ಕದ ಹಲಗೆಯ ಮೇಲೆ ಅವರು ತಮ್ಮ ಹೆಸರಿನ ಮೊದಲು ಊರಿನ ಹೆಸರನ್ನು ಕನ್ನಡದಲ್ಲಿ ಬರೆಯಿಸಿದ್ದಾರೆ. ಆ ಅಂತಸ್ತಿನಲ್ಲಿ ಅದನ್ನು ಓದಬಲ್ಲವರು ನಮ್ಮ ಮನೆಯವರು ಮಾತ್ರ. "ಯಾರಿಗಾಗಿ ಇದು?" ಎಂದು ನಾನು ಒಮ್ಮೆ ಹಾಸ್ಯ ಮಾಡಿದ್ದೆ. ಊರಿನ ಗದ್ದೆಯನ್ನು ತರಲಾಗಲಿಲ್ಲ, ಹೆಸರನ್ನಾದರೂ ದಾಟಿಸಿದರು. ಅವರು ತೀರಿಕೊಂಡ ಮೇಲೆ ಮನೆಗೆ ಬಣ್ಣ ಹಚ್ಚಿಸುವಾಗ ಆ ಹಲಗೆಯನ್ನು ತೆಗೆದು ಒಳಗಿಟ್ಟಿದ್ದೇನೆ. ಬಣ್ಣದವನು ಹೋಗಿ ವರ್ಷವಾದರೂ ಮತ್ತೆ ಹಾಕಿಲ್ಲ. ಮೊಮ್ಮಗಳಿಗೆ ಇದನ್ನು ಹೇಳಿದೆ. ಅವಳು, "ಸ್ಕ್ರೂ ಡ್ರೈವರ್ ಎಲ್ಲಿದೆ ಎಂದು ನೆನಪಿದೆಯಾ?" ಎಂದು ಮಾತ್ರ ಕೇಳಿದಳು.

ಹಿಂದಿರುಗಿ ಬರುವಾಗ ಉಳಿದ ಒಂದು ಗೆರೆ ದ್ವೀಪದ ಅರ್ಧದವರೆಗೆ ಬಂತು. ಮಿಕ್ಕ ದಾರಿಗೆ ತರುಣನು ತನ್ನ ಸೈಕಲ್ಲನ್ನು ನನಗೆ ಕೊಟ್ಟು ನನ್ನದನ್ನು ತಾನು ತುಳಿದ. ಹಳೆಯ ಗೋವೆಯ ಕಡವಿನಲ್ಲಿ ಇಳಿಯುವಾಗ ಮಧ್ಯಾಹ್ನವಾಗಿತ್ತು. ಮೊಣಕಾಲು ನೋಯುತ್ತಿರಲಿಲ್ಲ, ಮರುದಿನ ನೋಯಿತು.

ಹೋಗಬೇಕೆನ್ನುವವರಿಗೆ ನಾಲ್ಕು ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ಬಿಸಿಲು ಹಿತ. ಹಸಿರನ್ನು ನೋಡಬೇಕಾದರೆ ಮಳೆಗಾಲದ ಕೊನೆಗೆ ಹೋಗಿ, ಕೊಡೆಯಲ್ಲ, ಮಳೆಯಂಗಿ ಒಯ್ಯಿರಿ. ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ. ಸೈಕಲ್ಲು ಬಾರದವರು ಅಲ್ಲಿ ಕಲಿಯುವ ಸಾಹಸ ಬೇಡ. ಬರುವವರು ವಯಸ್ಸನ್ನು ನೋಡಿ ಹಿಂಜರಿಯುವುದೂ ಬೇಡ. ಬ್ಯಾಟರಿಯನ್ನು ಗುಡ್ಡಕ್ಕೆಂದು ಉಳಿಸಿರಿ. ಇಗರ್ಜಿ, ಗುಡಿ ಎರಡಕ್ಕೂ ಮರ್ಯಾದೆಯ ಉಡುಪಿರಲಿ. ನಾರ್ವೆಯ ತಾರಿ ದಾಟುವುದನ್ನು ಮೊದಲೇ ಮಾತಾಡಿಕೊಳ್ಳಿ.

ಮುಂಬಯಿಗೆ ಮರಳುವ ಗಾಡಿ ಸಂಜೆಯದು. ಕರ್ಮಳಿ ಬಿಡುವಾಗಲೇ ಕತ್ತಲೆಯಾಗಿತ್ತು. ಸೇತುವೆ ಬಂದಾಗ ಗಾಡಿಯ ಸದ್ದು ಬದಲಾಯಿತು. ಮೊಮ್ಮಗಳು ಕಿಟಕಿಗೆ ಹಣೆಯಾನಿಸಿ ಕೈಯಿಂದ ಬೆಳಕು ಮರೆಮಾಡಿಕೊಂಡು ನೋಡುತ್ತಿದ್ದಳು. ಒಂದೆರಡು ಮನೆಗಳ ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಚಹಾದವನು ಬಂದು ನಿಂತ. ನಾನು ಅವನಿಗೆ ಆಮೇಲೆ ಬರಲು ಹೇಳಿ, ಅವಳ ಪಕ್ಕಕ್ಕೆ ಸರಿದು ಕೂತೆ.